ಹುಳುಮನೆಯ ಫ್ಯಾನ್ ಗಾಳಿಯನ್ನು ಯಾವ ಕಡೆಗೆ ತಳ್ಳುತ್ತಿದೆ?

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳು ಸೊಪ್ಪು ಮೇಯುವ ರಭಸ ನಿಮಗೆ ಗೊತ್ತೇ ಇದೆ. ಇಡೀ ಬೆಳೆಯ ಸೊಪ್ಪಿನ ಬಹುಪಾಲು ಆ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಸೊಪ್ಪಿನ ತೇವ, ಹಿಕ್ಕೆಯ ಆವಿ, ಹುಳುಗಳ ಉಸಿರು ಸೇರಿ ಮನೆಯ ಗಾಳಿ ಕೆಡುತ್ತದೆ. ಈ ಹಂತದಲ್ಲಿ 24-25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 70ರ ಆಸುಪಾಸಿನ ತೇವಾಂಶ ಹಿತ. ಎರಡೂ ಏರಿದರೆ ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ.

ಬಿಸಿಗಾಳಿ ಮೇಲೇರಿ ಮಾಡಿನ ಕೆಳಗೆ ನಿಲ್ಲುತ್ತದೆ. ಅದನ್ನು ಹೊರದಬ್ಬಲೆಂದೇ ಗವಾಕ್ಷಿಯ ಎತ್ತರದಲ್ಲಿ ಫ್ಯಾನ್ ಕೂರಿಸುವುದು. ಅದೇ ಫ್ಯಾನ್ ಒಳಕ್ಕೆ ಬೀಸಿದರೆ ಮಾಡಿನ ಬಿಸಿಯೆಲ್ಲ ತಟ್ಟೆಗಳ ಮೇಲೆ ಇಳಿಯುತ್ತದೆ. ಉದ್ದನೆಯ ಕೋಲಿನ ತುದಿಗೆ ನೂಲಿನ ಎಳೆ ಕಟ್ಟಿ, ಒಳಗಿನಿಂದ ಫ್ಯಾನಿನ ಮುಂದೆ ದೂರದಲ್ಲಿ ಹಿಡಿದು ನೋಡಿ. ಎಳೆ ನಿಮ್ಮ ಕಡೆ ಹಾರಿದರೆ ಫ್ಯಾನ್ ಒಳಕ್ಕೆ ಬೀಸುತ್ತಿದೆ.

ಇನ್ನು ತಿರುಗಿಸುವ ಕೆಲಸ. ಮೊದಲು ಮೇನ್ ಸ್ವಿಚ್ ತೆಗೆಯಿರಿ. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ನೋಡಿಕೊಳ್ಳಿ. ರೆಕ್ಕೆ ಬಾಣದಂತೆಯೇ ಸುತ್ತುತ್ತಿದ್ದೂ ಗಾಳಿ ಒಳಗೆ ಬರುತ್ತಿದ್ದರೆ, ಕೂರಿಸಿದ್ದೇ ಹಿಂದುಮುಂದಾಗಿದೆ. ಬೋಲ್ಟ್ ಬಿಚ್ಚಿ ಇಡೀ ಫ್ಯಾನನ್ನು ತಿರುಗಿಸಿ ಕೂರಿಸಿ. ತಂತಿಗೆ ಕೈಹಾಕಬೇಡಿ, ರೆಕ್ಕೆಯ ಬಾಗು ಒಂದೇ ದಿಕ್ಕಿಗೆಂದು ಮಾಡಿದ್ದು, ಉಲ್ಟಾ ಸುತ್ತಿಸಿದರೆ ಗಾಳಿ ಕಡಿಮೆ.

ಬಾಣಕ್ಕೆ ವಿರುದ್ಧವಾಗಿ ಸುತ್ತುತ್ತಿದ್ದರೆ ಮಾತ್ರ ಅದು ತಂತಿಯ ದೋಷ. ಮೋಟಾರ್ ರಿವೈಂಡಿಂಗ್ ಮಾಡಿಸಿದ ಮೇಲೆ ಹೀಗಾಗುವುದುಂಟು. ತ್ರೀ ಫೇಸ್ ಮೋಟಾರಾದರೆ ಬೋರ್‌ವೆಲ್ ಪಂಪಿನಂತೆ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಸಿಂಗಲ್ ಫೇಸಿನಲ್ಲಿ ಫೇಸ್, ನ್ಯೂಟ್ರಲ್ ಎಷ್ಟು ಬದಲಿಸಿದರೂ ದಿಕ್ಕು ಬದಲಾಗದು. ಒಳಗೆ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿಗಳನ್ನು ಬದಲಿಸಬೇಕು. ಅದು ತಿಳಿದ ಮೆಕ್ಯಾನಿಕ್ಕಿನ ಕೆಲಸ.

ಫ್ಯಾನ್ ಸರಿಯಾದರೂ ಕೆಳಗಿನ ಕಿಟಕಿ ಮುಚ್ಚಿದ್ದರೆ ಅದು ಬರೀ ಗುಂಯ್‌ಗುಡುತ್ತದೆ. ಕಿಟಕಿ ತೆರೆಯಿರಿ, ಬಲೆ ಮಾತ್ರ ಹರಿದಿರಬಾರದು. ಊಜಿ ನೊಣಕ್ಕೆ ಸಣ್ಣ ಸಂದು ಸಾಕು. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟ ಮೇಲೂ ಗಾಳಿ ಆಡಲಿ. ಆಗ ತೇವ ನಿಂತರೆ ಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

ಪಕ್ಕದ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದರೆ ಫ್ಯಾನ್ ನಿಲ್ಲಿಸಿ, ಆ ಕಡೆಯ ಕಿಟಕಿ ಮುಚ್ಚಿ. ಹೊರಕ್ಕೆ ತಳ್ಳುವ ಫ್ಯಾನಿಗೆ ಭಯವಿಲ್ಲವೆಂದು ತಿಳಿಯಬೇಡಿ. ಹೊರಹೋದಷ್ಟೇ ಗಾಳಿ ಕಿಟಕಿಯಿಂದ ಒಳಬರುತ್ತದೆ, ವಿಷವನ್ನೂ ಹೊತ್ತು ತರುತ್ತದೆ. ಆ ಬದುವಿನ ಸಾಲುಗಳ ಸೊಪ್ಪನ್ನೂ ಹುಳುವಿಗೆ ಹಾಕಬೇಡಿ.