ಮೋರ್ಸ್ ಸಂಕೇತವೂ ಬಾನುಲಿಯ ಜರಡಿಯೂ

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದಂದಿನಿಂದ, ರೇಡಿಯೋ ಎಂದರೆ ಮಾತು ಮತ್ತು ಸಂಗೀತವೆಂಬ ಭಾವನೆ ನಮ್ಮಲ್ಲಿ ನೆಲೆಸಿದೆ. ಆದರೆ ಮಾತಿಗಿಂತ ಮೊದಲು ಆಕಾಶಮಾರ್ಗದಲ್ಲಿ ಸಂಚರಿಸಿದುದು ಮೋರ್ಸ್ ಸಂಕೇತ. ನಮ್ಮ ದೇಶದ ತಂತಿ ಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋದರೂ, ಹವ್ಯಾಸಿ ರೇಡಿಯೋಗಾರರು ಈ ಚುಕ್ಕೆಗೀಟುಗಳ ಭಾಷೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅದನ್ನು ಕೇಳುವಾಗ ಗ್ರಾಹಕಯಂತ್ರದ ಫಿಲ್ಟರನ್ನು ಎಷ್ಟು ಅಗಲಕ್ಕೆ ಇಡತಕ್ಕದ್ದು ಎಂಬುದನ್ನು ಈಗ ವಿಚಾರ ಮಾಡೋಣ.

ಫಿಲ್ಟರೆಂಬುದು ಒಂದು ಜರಡಿ. ಅದರ ಕಣ್ಣು ದೊಡ್ಡದಾದರೆ ಸಾಸಿವೆಯೊಡನೆ ಕಲ್ಲೂ ಬೀಳುವುದು. ತೀರ ಸಣ್ಣದಾದರೆ ಸಾಸಿವೆಯೇ ಬೀಳದು. ಮನುಷ್ಯನ ಮಾತು ಸ್ಪಷ್ಟವಾಗಲು ಸುಮಾರು ೨೪೦೦ ಹರ್ಟ್ಸ್ ಅಗಲ ಬೇಕು. ಮೋರ್ಸಿಗಾದರೋ, ಮಿನಿಟಿಗೆ ೨೦ ಪದಗಳ ವೇಗದಲ್ಲಿಯೂ ಸುಮಾರು ೧೦೦ ಹರ್ಟ್ಸ್ ಸಾಕು. ಆಕಾಶದ ಸಾಮಾನ್ಯ ಗದ್ದಲದ ಶಕ್ತಿಯು ಫಿಲ್ಟರಿನ ಅಗಲವನ್ನು ಅನುಸರಿಸುತ್ತದೆ. ಆದುದರಿಂದ ೨೪೦೦ನ್ನು ೫೦೦ಕ್ಕೆ ಇಳಿಸಿದರೆ ಗದ್ದಲವು ಸುಮಾರು ಐದನೆಯ ಒಂದು ಪಾಲಾಗುವುದು. ೨೫೦ಕ್ಕೆ ಇಳಿಸಿದರೆ ಹತ್ತನೆಯ ಒಂದು ಪಾಲು. ಸಂಕೇತಕ್ಕೆ ನಷ್ಟವೇನೂ ಇಲ್ಲ.

ಹಾಗಾದರೆ ೫೦ಕ್ಕೇ ಇಳಿಸಬಾರದೇಕೆ? ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯಲ್ಲಿ ಹವ್ಯಾಸಿಯೊಬ್ಬನು ವೈಶಾಖದ ಸಂಜೆ ೭೦೦೦ ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ಕಿವಿಗೊಟ್ಟು ಕುಳಿತಿರುವನೆಂದು ಭಾವಿಸೋಣ. ಮೇಲೆ ಹೇಳಿದ ವೇಗದಲ್ಲಿ ಒಂದು ಚುಕ್ಕೆಯ ಕಾಲ ಸೆಕೆಂಡಿನ ಸಾವಿರದಲ್ಲಿ ೬೦ ಪಾಲು. ೫೦ ಹರ್ಟ್ಸಿನ ಫಿಲ್ಟರಿಗೆ ಧ್ವನಿಯು ಏರಲು ಸುಮಾರು ೨೦ ಪಾಲು, ಇಳಿಯಲು ಮತ್ತೆ ಅಷ್ಟೇ ಬೇಕು. ಚುಕ್ಕೆಗಳು ಗಂಟೆಯ ನಾದದಂತೆ ಒಂದಕ್ಕೊಂದು ಬೆಸೆದುಕೊಳ್ಳುವುವು. ದೂರದ ಗುಡುಗುಮಳೆಯ ಮಿಂಚಿನಿಂದ ಹುಟ್ಟುವ ಚಟಪಟವೂ ನೀಳವಾಗಿ ಎಳೆದು, ಚುಕ್ಕೆಯೋ ಎಂಬ ಭ್ರಮೆ ಹುಟ್ಟಿಸುವುದು. ಅಂತಹ ಸಂಜೆ ಫಿಲ್ಟರನ್ನು ತುಸು ಅಗಲಿಸುವುದೇ ಮೇಲು.

ಇನ್ನೊಂದು ತೊಡಕುಂಟು. ಪ್ರವಾಹದಲ್ಲಿ ವಿದ್ಯುತ್ ಕಂಬಗಳು ಉರುಳಿ, ಯಾರೋ ಒಬ್ಬರು ಬ್ಯಾಟರಿಯ ಅಲ್ಪ ಬಲದಿಂದ ಕರೆಯುತ್ತಿರಬಹುದು. ಅವರ ಕರೆ ೨೦೦ ಹರ್ಟ್ಸ್ ಅತ್ತಿತ್ತ ಸರಿದಿದ್ದರೆ, ೧೦೦ ಹರ್ಟ್ಸಿನ ಕಿಂಡಿಯಲ್ಲಿ ಅದು ಕೇಳಿಸದು, ೫೦೦ರಲ್ಲಿ ಕೇಳಿಸುವುದು. ಗದ್ದಲದಲ್ಲಿ ಕಳೆದ ಕರೆಯನ್ನು ಕಿವಿ ಒಮ್ಮೊಮ್ಮೆ ಆರಿಸಿಕೊಳ್ಳಬಲ್ಲದು. ಫಿಲ್ಟರೇ ಹೊರಗಿಟ್ಟ ಕರೆಯನ್ನು ಯಾವ ಕಿವಿಯೂ ಕೇಳಲಾರದು.

ಆದುದರಿಂದ ಹುಡುಕುವಾಗ ೫೦೦ ಅಥವಾ ಅದಕ್ಕೂ ಹೆಚ್ಚಿರಲಿ. ಸಂಕೇತ ದೊರೆತೊಡನೆ ಅದನ್ನು ಫಿಲ್ಟರಿನ ನಡುವಿಗೆ ತಂದು ೨೫೦ಕ್ಕೆ ಇಳಿಸಬಹುದು. ನೆರೆಯ ಕೇಂದ್ರವು ತೊಂದರೆ ಕೊಟ್ಟರೆ, ಅದೂ ಕಳುಹಿಸುವವರ ವೇಗ ಕಡಮೆಯಿದ್ದರೆ, ೧೦೦ಕ್ಕೆ ಇಳಿಯಬಹುದು. ಕೆಲಸ ಮುಗಿದೊಡನೆ ಮತ್ತೆ ಅಗಲಿಸತಕ್ಕದ್ದು. ಮುಂದಿನ ಕರೆ ಎಲ್ಲಿಂದ ಬರುವುದೋ ನಾವು ಮೊದಲೇ ಅರಿಯಲಾರೆವು.