ವಕೀಲೆ ಪರ್ವೀನ್ ಮತ್ತೆ ಬಂದಳು, ಈ ಸಲ ಅರಮನೆಗೆ

ಪತ್ತೇದಾರಿ ಕಾದಂಬರಿ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಈ ವಾರ ನಾವು ಪರಿಚಯಿಸುತ್ತಿರುವ ಪತ್ತೇದಾರಿಣಿ ಬೇರೆ ಥರದವಳು. ಅವಳ ಕೈಯಲ್ಲಿ ಪಿಸ್ತೂಲಿಲ್ಲ, ಪೊಲೀಸರ ನಂಟಿಲ್ಲ. ಹೆಸರು ಪರ್ವೀನ್ ಮಿಸ್ತ್ರಿ. 1921ರ ಬೊಂಬಾಯಿಯ ಪಾರ್ಸಿ ಹೆಣ್ಣುಮಗಳು. ತಂದೆಯ ಕಚೇರಿಯಲ್ಲಿ ವಕೀಲೆ. ಕೋರ್ಟಿನಲ್ಲಿ ನಿಂತು ವಾದ ಮಾಡುವ ಅವಕಾಶ ಅವಳಿಗಿಲ್ಲ. ಕಾಗದಪತ್ರ ಓದುವುದೇ ಅವಳ ಕೆಲಸ, ಅದೇ ಅವಳ ಅಸ್ತ್ರ.

ಸುಜಾತಾ ಮ್ಯಾಸಿ ಬರೆದ ಈ ಸರಣಿಯ ಮೊದಲ ಪುಸ್ತಕ 'ದಿ ವಿಡೋಸ್ ಆಫ್ ಮಲಬಾರ್ ಹಿಲ್' ಬಂದದ್ದು 2018ರಲ್ಲಿ. ಅದು ನಮ್ಮ ಮನೆಗಳಿಗೆ ಹತ್ತಿರದ ಕಥೆ. ಗಿರಣಿ ಮಾಲೀಕ ಒಮರ್ ಫರೀದ್ ತೀರಿಹೋಗುತ್ತಾನೆ. ಮೂವರು ಹೆಂಡತಿಯರು ಇದ್ದತ್ತಿನಲ್ಲಿ, ಕಟ್ಟುನಿಟ್ಟಿನ ಪರದೆಯಲ್ಲಿ ಇದ್ದಾರೆ. ಅಷ್ಟರಲ್ಲಿ ಮೂವರೂ ತಮ್ಮ ಮಹರ್ ಬಿಟ್ಟುಕೊಟ್ಟು ಮನೆತನದ ವಕ್ಫಿಗೆ ಕೊಡ್ತೇವೆ ಅಂತ ಒಂದು ಕಾಗದ ವಕೀಲರ ಕೈ ಸೇರುತ್ತದೆ. ಸಹಿಗಳನ್ನು ನೋಡಿದ ಪರ್ವೀನ್‌ಗೆ ಅನುಮಾನ ಬರುತ್ತದೆ. ಪರದೆಯೊಳಗೆ ಗಂಡು ವಕೀಲರು ಹೋಗುವಂತಿಲ್ಲ, ಇವಳು ಹೋಗಬಹುದು. ಹೋಗಿ ಕೂತು, ಒಬ್ಬೊಬ್ಬರನ್ನೇ ಕೇಳ್ತಾಳೆ: ಇದರಲ್ಲಿ ಏನು ಬರೆದಿದೆ ಅಂತ ನಿಮಗೆ ಗೊತ್ತಾ?

ಎರಡನೇ ಪುಸ್ತಕ 'ದಿ ಸತಾಪುರ್ ಮೂನ್‌ಸ್ಟೋನ್' (2019). ಸತಾಪುರ ಸಹ್ಯಾದ್ರಿಯ ನಡುವಿನ ಒಂದು ಕಾಲ್ಪನಿಕ ಸಂಸ್ಥಾನ. ಮಹಾರಾಜ ಸತ್ತಿದ್ದಾನೆ, ಹಿರಿಯ ಮಗನೂ ಉಳಿದಿಲ್ಲ. ಗಾದಿಗೆ ಉಳಿದವನು ಪುಟ್ಟ ಹುಡುಗ. ಅವನನ್ನು ಎಲ್ಲಿ ಓದಿಸಬೇಕು ಅಂತ ತಾಯಿಗೂ ಅಜ್ಜಿಗೂ ಜಗಳ. ಇಬ್ಬರೂ ಪರದೆಯಲ್ಲಿರುವವರು, ಬ್ರಿಟಿಷ್ ಏಜೆಂಟನನ್ನು ಭೇಟಿಯಾಗುವುದಿಲ್ಲ. ಹಾಗಾಗಿ ಪರ್ವೀನ್ ಪಲ್ಲಕ್ಕಿಯಲ್ಲಿ ಕಾಡುದಾರಿ ಹಿಡಿಯುತ್ತಾಳೆ. ಹುಡುಗನ ಜೀವಕ್ಕೇ ಅಪಾಯ ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಮುಂದಿನದನ್ನು ನೀವೇ ಓದಬೇಕು.

ಇಂಥ ಕಥೆ ನಮ್ಮ ರಾಜ್ಯದಲ್ಲೇ ನಡೆದಿದೆ. ಯಾದಗಿರಿ ಜಿಲ್ಲೆಯ ಕೊಂಕಲ್, ಶಹಾಪುರ, ಸುರಪುರದ ಸೀಮೆಗೆ ಹೋದರೆ ಫಿಲಿಪ್ ಮೆಡೋಸ್ ಟೇಲರ್ ಹೆಸರು ಕೇಳಿಬರುತ್ತದೆ. 1840ರ ದಶಕದಲ್ಲಿ ಸುರಪುರದ ರಾಜ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ. ಆಡಳಿತ ನೋಡಿಕೊಳ್ಳಲು ಬಂದವನು ಟೇಲರ್. ಅವನನ್ನು ಹುಡುಗ 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಬೆಳೆದ ಮೇಲೆ ಆ ರಾಜ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾಗಿ, 1858ರಲ್ಲಿ ಗುಂಡೇಟಿನಿಂದ ತೀರಿಕೊಂಡ. ಟೇಲರ್ ಕೂಡ ಅಪರಾಧ ಲೋಕದ ಕಥೆಗಾರನೇ. ಠಕ್ಕರ ಬಗೆಗಿನ ಅವನ ಕಾದಂಬರಿ 1839ರಲ್ಲಿ ಬಂತು. ಆದರೆ ರಾಣಿ ಈಶ್ವರಮ್ಮನ ಬಗ್ಗೆ ನಾವು ಓದುವುದು ಹೆಚ್ಚಾಗಿ ಟೇಲರ್ ಬರೆದದ್ದನ್ನೇ. ಅವಳ ಮಾತು ಕೇಳಿ ಬರೆದುಕೊಳ್ಳಲು ಅಲ್ಲಿ ಒಬ್ಬ ಪರ್ವೀನ್ ಇರಲಿಲ್ಲ. ಆ ಕಡೆ ವ್ಯಾಪಾರಕ್ಕೋ ನೌಕರಿಗೋ ಹೋಗುವ ನಮ್ಮವರು ಸುರಪುರದ ಟೇಲರ್ ಮಂಜಿಲ್ ನೋಡಿ ಬನ್ನಿ.

ಪರ್ವೀನ್ ಪಾತ್ರಕ್ಕೆ ಪ್ರೇರಣೆಯಾದವರಲ್ಲಿ ಕಾರ್ನೀಲಿಯಾ ಸೊರಾಬ್ಜಿ ಒಬ್ಬರು. ನಾಸಿಕ್‌ನಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಮಹಿಳೆ. ಪರದೆಯಲ್ಲಿದ್ದ ನೂರಾರು ಹೆಂಗಸರ ಆಸ್ತಿಯ ತಕರಾರುಗಳಲ್ಲಿ ಅವರ ಪರ ದುಡಿದವರು. ಅಂದಮೇಲೆ ಕಥೆಯೊಳಗಿನ ಸಂಕಟ ಲೇಖಕಿಯ ಬರೀ ಕಲ್ಪನೆ ಅಲ್ಲ.

ಮಹರ್ ಹೆಣ್ಣಿನ ಹಕ್ಕು. ಖುರ್‌ಆನಿನ ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಅದರ ಆಜ್ಞೆ ಇದೆ. ಅವಳು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅದು ಬೇರೆಯವರಿಗೆ ಸಲ್ಲುತ್ತದೆ. ತಂದೆ ತಾಯಿ ಬಿಟ್ಟುಹೋದ ಆಸ್ತಿಯಲ್ಲೂ ಅವಳಿಗೆ ಪಾಲಿದೆ. ಆದರೂ 'ಇಲ್ಲೊಂದು ಸಹಿ ಹಾಕು' ಅಂದಾಗ ಓದದೆ ಹಾಕುವ ಉಮ್ಮಂದಿರು, ತಂಗಿಯಂದಿರು ಇವತ್ತಿಗೂ ನಮ್ಮಲ್ಲಿದ್ದಾರೆ. ನಂಬಿಕೆ ಒಳ್ಳೆಯದೇ. ಓದಿ ಹೇಳಿ ಸಹಿ ಹಾಕಿಸಿದರೆ ಆ ನಂಬಿಕೆಗೆ ಕುಂದೇನೂ ಬರುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದೆ. ಕಾಲೇಜಿಗೆ ಹೋಗುವ ಮಗಳು ಓದಿ, ರಾತ್ರಿ ಊಟ ಆದ ಮೇಲೆ ಉಮ್ಮನಿಗೆ, ಅಜ್ಜಿಗೆ ಕಥೆ ಹೇಳಲಿ. ಕಥೆ ಮುಗಿದ ಮೇಲೆ ಮನೆಯ ನಿಕಾಹ್ ಕಾಗದವನ್ನೂ ಒಮ್ಮೆ ಹೊರಗೆ ತೆಗೆದು, ಮಹರ್ ಎಷ್ಟು ಅಂತ ಬರೆದಿದೆ, ಅದು ಕೈ ಸೇರಿದೆಯಾ ಅಂತ ನೋಡಿಕೊಳ್ಳಲಿ.