ಇಳಕಲ್ಲಿನ ಮಾಳಿಗೆ ಕಟ್ಟಡಗಳು: ಕಂಬ-ತೊಲೆಗಳ ದುರಸ್ತಿ ಮತ್ತು ಲೆಕ್ಕಪತ್ರ

ಇಳಕಲ್ ಎಂದೊಡನೆ ವರ್ತಕರ ನೆನಪಿಗೆ ಬರುವುದು ಟೋಪಿ ತೆನೆಯ ಸೆರಗಿನ ಸೀರೆ ಮತ್ತು ಕೆಂಪು ಗ್ರಾನೈಟ್. ಸೀರೆಯ ಉದ್ಯಮ ತಲೆಮಾರುಗಳಿಂದ ನಡೆದುಬಂದದ್ದು ಮಣ್ಣಿನ ಮಾಳಿಗೆಯ ಕೆಳಗೆ ಎಂಬ ಸಂಗತಿ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕುಣಿಮಗ್ಗವಿರುವ ಪಡಸಾಲೆ, ನೂಲಿನ ದಾಸ್ತಾನು ಕೊಠಡಿ, ಪೇಟೆಯ ಹಳೆಯ ಅಂಗಡಿ, ಕಾಳುಕಡಿಯ ಉಗ್ರಾಣ ಇವುಗಳಲ್ಲಿ ಹಲವು ಇಂದಿಗೂ ಮರದ ಕಂಬ, ತೊಲೆ, ಜಂತಿಗಳ ಮೇಲೆಯೇ ನಿಂತಿವೆ. ದಪ್ಪ ಗೋಡೆ ಹಾಗೂ ಮಣ್ಣಿನ ಮಾಳಿಗೆ ಬೇಸಿಗೆಯ ಬಿಸಿಯನ್ನು ತಡೆಯುತ್ತವೆ. ಹತ್ತಿಯ ಹಾಸಿನ ಎಳೆ ಒಣಹವೆಯಲ್ಲಿ ಬೇಗ ಹರಿಯುವುದರಿಂದ ನೇಕಾರನಿಗೆ ಈ ತಂಪು ಕೇವಲ ಸುಖದ ಮಾತಲ್ಲ, ದಿನದ ದುಡಿಮೆಯ ಮಾತು. ಆದುದರಿಂದ ಹಳೆಯ ಕಟ್ಟಡವನ್ನು ಕೆಡವಿ ಆರ್.ಸಿ.ಸಿ. ಹಾಕಿಸುವ ಮುನ್ನ ಅದರ ಮರದ ಚೌಕಟ್ಟನ್ನು ಉಳಿಸಿಕೊಳ್ಳುವ ಸಾಧ್ಯತೆಯನ್ನು ಲೆಕ್ಕ ಹಾಕಿ ನೋಡುವುದು ಸೂಕ್ತ.

ಮೊದಲಿಗೆ ಭಾರದ ಲೆಕ್ಕ. ಮಾಳಿಗೆಯ ಮೇಲೆ ಕರಲು ಮಣ್ಣನ್ನು ಹಾಸುವುದು ಈ ಭಾಗದ ರೂಢಿ. ಅದು ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಹುಲ್ಲೂ ಸುಲಭವಾಗಿ ಬೆಳೆಯುವುದಿಲ್ಲ. ಆದರೆ ಪ್ರತಿ ಮಳೆಗಾಲಕ್ಕೆ ಮುನ್ನ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹಾಕುತ್ತ ಹೋದರೆ ಏನಾಗುತ್ತದೆ? ಒತ್ತಿ ಕೂಡಿಸಿದ ಒಣಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ಕೊಠಡಿಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಿಸಿದರೆ 50 ಘನ ಅಡಿ, ಅಂದರೆ ಎರಡೂಕಾಲು ಟನ್ ಹೊಸ ಭಾರ. ಒಂದು ಅಡಿ ದಪ್ಪವಾದರೆ 27 ಟನ್. ಇದು ಒಣಮಣ್ಣಿನ ತೂಕ. ನೀರು ಕುಡಿದ ಮಣ್ಣಿನದು ಇನ್ನೂ ಹೆಚ್ಚು. ಗೋದಾಮಿನಲ್ಲಿ ಒಂದು ಲಾರಿ ಸರಕು ಇಳಿಸುವಾಗ ಎಣಿಸುವ ವರ್ತಕರು ತಲೆಯ ಮೇಲೆ ಎರಡು ಲಾರಿ ಮಣ್ಣು ಇರುವುದನ್ನು ಎಣಿಸುವುದಿಲ್ಲ!

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಅಸಂಖ್ಯ ಮಣ್ಣಿನ ಮನೆಗಳು ಕುಸಿದು ಜೀವಹಾನಿಯಾದುದನ್ನು ಬಾಗಲಕೋಟೆ ಜಿಲ್ಲೆಯ ಜನ ಮರೆತಿಲ್ಲ. ಮಳೆ ಕಡಿಮೆಯಿರುವ ನಾಡಿಗಾಗಿ ರೂಪುಗೊಂಡ ಮಾಳಿಗೆ ಒಂದೆರಡು ಗಂಟೆಯ ಜಡಿಮಳೆಯನ್ನು ತಡೆಯುತ್ತದೆ. ಹಲವು ದಿನ ಸತತವಾಗಿ ನೆನೆಯುವುದನ್ನಲ್ಲ. ಅಂತಹ ಸಮಯದಲ್ಲಿ ಒಂದು ಕಂಬದ ಬುಡ ಅಥವಾ ತೊಲೆಯ ತುದಿ ಕೊಳೆತಿದ್ದರೂ ಕೆಳಗೆ ಮಗ್ಗದಲ್ಲಿ ಕುಳಿತವರಿಗೆ ಅಪಾಯ.

ಮರವು ಸಾಮಾನ್ಯವಾಗಿ ನಡುವೆ ಕೆಡುವುದಿಲ್ಲ. ಕಂಬ ನೆಲವನ್ನು ಮುಟ್ಟುವಲ್ಲಿ, ತೊಲೆ ಗೋಡೆಯೊಳಗೆ ಹೋಗುವಲ್ಲಿ, ಮಾಳಿಗೆಯ ದೋಣಿಯಿಂದ ನೀರು ಜಿನುಗುವಲ್ಲಿ ಕೆಡುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ನಾದ ಬಾರದೆ ಪೊಳ್ಳು ಸದ್ದು ಬಂದರೆ, ಚೂಪಾದ ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಅಲ್ಲಿಗೆ ಗೆದ್ದಲು ಅಥವಾ ಕೊಳೆ ಹೊಕ್ಕಿದೆ ಎಂದರ್ಥ. ಸುಣ್ಣ, ಬಣ್ಣ ಬಳಿದ ಕಂಬಗಳಲ್ಲಿ ಕಣ್ಣನ್ನು ನಂಬುವಂತಿಲ್ಲ.

ದುರಸ್ತಿಯಲ್ಲಿ ಕ್ರಮವೇ ಮುಖ್ಯ. ತೊಲೆಗೆ ಆಧಾರ ಕೊಟ್ಟ ಬಳಿಕ ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಎಲ್ಲ ಕಡೆಯೂ ಸಮನಾಗಿ ಇಳಿಸಬೇಕು. ಒಂದೇ ಬದಿಯಿಂದ ತೆಗೆದರೆ ಚೌಕಟ್ಟು ವಾಲುತ್ತದೆ. ಆಮೇಲೆ ಜ್ಯಾಕ್ ಕೊಟ್ಟು ತೊಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಬೇಕು. ಕಂಬವನ್ನು ಪೂರ್ತಿ ಬದಲಿಸುವ ಅಗತ್ಯ ಬಹುತೇಕ ಬರುವುದಿಲ್ಲ. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ತುಂಡನ್ನು ಓರೆಕಚ್ಚಿನಿಂದ ಜೋಡಿಸಿ, ಮರದ ಗೂಟ ಅಥವಾ ಬೋಲ್ಟಿನಿಂದ ಬಿಗಿದರೆ ಸಾಕು. ಹಸಿಮರ ಬಳಸಿದರೆ ಒಣಗುತ್ತ ಕುಗ್ಗಿ ಜೋಡಣೆ ಸಡಿಲಾಗುತ್ತದೆ. ಬುಡವನ್ನು ನೆಲದಲ್ಲಿ ಹುಗಿಯದೆ ಅಡಿಗಲ್ಲಿನ ಮೇಲೆ ನಿಲ್ಲಿಸಬೇಕು. ಗ್ರಾನೈಟ್ ತುಂಡುಗಳಿಗೆ ಇಳಕಲ್ಲಿನಲ್ಲಿ ಬರವೇನೂ ಇಲ್ಲ.

ತೊಲೆಯ ತುದಿಯನ್ನು ಸಿಮೆಂಟಿನಿಂದ ಮೆತ್ತಿ ಮುಚ್ಚುವುದು ಈಚಿನ ದೊಡ್ಡ ತಪ್ಪು. ಒಳಸೇರಿದ ತೇವ ಹೊರಬರದೆ ಮರ ಇನ್ನೂ ಬೇಗ ಕೊಳೆಯುತ್ತದೆ. ತುದಿಯ ಸುತ್ತ ಗಾಳಿ ಆಡುವಷ್ಟು ಸಂದು ಬಿಡಬೇಕು. ಕಂಬದ ತಲೆಯ ಬೋದಿಗೆಯನ್ನು ಅಲಂಕಾರವೆಂದು ತಿಳಿದು ತೆಗೆದುಹಾಕುವವರಿದ್ದಾರೆ. ಅದು ತೊಲೆಯ ನಡುವಿನ ಅಂತರವನ್ನು ಕಡಿಮೆ ಮಾಡಿ ಬಾಗುವಿಕೆಯನ್ನು ತಡೆಯುವ ಅಂಗ. ಬಿಚ್ಚಿದ ಪ್ರತಿಯೊಂದು ಮರಕ್ಕೂ ಸಂಖ್ಯೆ ಬರೆದಿಟ್ಟುಕೊಂಡರೆ ಮರುಜೋಡಣೆ ಸುಲಭ. ಇದೇ ಜಿಲ್ಲೆಯ ಮುಧೋಳ ಅರಮನೆಯ ದರ್ಬಾರ್ ಹಾಲ್ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ರೂಪಿಸಿದ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಎದ್ದು ನಿಂತಿದೆ. ಅಷ್ಟು ದೂರ ಸಾಗಿಸಿ ನಿಲ್ಲಿಸಬಹುದಾದರೆ, ಇದ್ದಲ್ಲಿಯೇ ಸರಿಪಡಿಸುವುದು ಅಸಾಧ್ಯವೇನಲ್ಲ.

ಇನ್ನು ಲೆಕ್ಕಪತ್ರ. ವ್ಯವಹಾರಕ್ಕೆ ಬಳಸುವ ಸ್ವಂತ ಕಟ್ಟಡದ ಚಾಲ್ತಿ ದುರಸ್ತಿಯ ವೆಚ್ಚವನ್ನು ಅದೇ ವರ್ಷದ ಲಾಭದಿಂದ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 30ನೆಯ ಕಲಂ ಅವಕಾಶ ನೀಡಿತ್ತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಈ ತತ್ತ್ವ ಉಳಿದಿದೆ. ಇರುವ ಆಸ್ತಿಯನ್ನು ಕಾಯ್ದುಕೊಳ್ಳುವುದು ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ಪಡೆಯುವುದು ಬಂಡವಾಳ ವೆಚ್ಚ. ಬಲ್ಲೀಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಸಿನಿಮಾ ಮಂದಿರವೊಂದರ ಸಂಪೂರ್ಣ ನವೀಕರಣವನ್ನು ಚಾಲ್ತಿ ದುರಸ್ತಿಯೆಂದು ಒಪ್ಪಲು ಸುಪ್ರೀಂ ಕೋರ್ಟ್ ನಿರಾಕರಿಸಿತು. ನಾಲ್ಕು ಕಂಬಗಳ ಬುಡ ಜೋಡಿಸಿ, ಎರಡು ತೊಲೆ ಬದಲಿಸಿದ್ದು ದುರಸ್ತಿಯ ವರ್ಗಕ್ಕೆ ಸೇರಬಹುದು. ಆದರೆ ಮಾಳಿಗೆಯನ್ನು ಪೂರ್ತಿ ತೆಗೆದು ಆರ್.ಸಿ.ಸಿ. ಹಾಕಿಸಿ ಮೇಲೊಂದು ಅಂತಸ್ತು ಏರಿಸಿದರೆ ಅದು ಬಂಡವಾಳ ವೆಚ್ಚ. ವಾಸೇತರ ಕಟ್ಟಡಕ್ಕೆ ವರ್ಷಕ್ಕೆ ಶೇ. 10ರ ಸವಕಳಿ ಮಾತ್ರ ದೊರೆಯುತ್ತದೆ. ಎರಡೂ ಕೆಲಸಗಳನ್ನು ಒಂದೇ ಬಿಲ್ಲಿನಲ್ಲಿ ಸೇರಿಸಿದರೆ ದುರಸ್ತಿಯ ಭಾಗವನ್ನು ಬೇರ್ಪಡಿಸಿ ತೋರಿಸುವುದು ಕಷ್ಟವಾಗುತ್ತದೆ. ಬಾಡಿಗೆದಾರ ವರ್ತಕರು ದುರಸ್ತಿಯ ಹೊಣೆ ತಮ್ಮದೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿಕೊಂಡಿರಬೇಕು. ಕಟ್ಟಡವನ್ನು ಬಾಡಿಗೆಗೆ ಕೊಟ್ಟು ಗೃಹ ಆಸ್ತಿಯ ಆದಾಯ ತೋರಿಸುವ ಮಾಲೀಕರಿಗೆ ವಾಸ್ತವ ದುರಸ್ತಿ ವೆಚ್ಚ ಎಷ್ಟೇ ಇರಲಿ, ಶೇ. 30ರ ನಿಗದಿತ ಕಡಿತವಷ್ಟೇ.

ಜಿ.ಎಸ್.ಟಿ.ಯಲ್ಲಿಯೂ ಈ ಭೇದ ಕೆಲಸ ಮಾಡುತ್ತದೆ. 17(5)ನೆಯ ಕಲಂ ಪ್ರಕಾರ ಕಟ್ಟಡದ ದುರಸ್ತಿ ವೆಚ್ಚವನ್ನು ಪುಸ್ತಕದಲ್ಲಿ ಬಂಡವಾಳವಾಗಿ ದಾಖಲಿಸಿದ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಬಡಿಗ ನೋಂದಾಯಿತನಲ್ಲದಿದ್ದರೆ ಅವನ ಕೂಲಿಯ ಮೇಲೆ ಜಮೆಯ ಪ್ರಶ್ನೆಯೇ ಇಲ್ಲ. ಮರವನ್ನು ಬಿಲ್ಲಿನೊಂದಿಗೆ ಕೊಂಡಾಗ ಮಾತ್ರ ಲಾಭ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ಆ ವೆಚ್ಚ ತೆರಿಗೆಯಲ್ಲಿ ಅಮಾನ್ಯವಾಗುವ ಸಂಭವವಿರುವುದರಿಂದ ಮೇಸ್ತ್ರಿಯ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ತೆಗೆದ ಹಳೆಯ ತೇಗವನ್ನು ಮಾರಿದ ಮೊತ್ತವನ್ನೂ ಲೆಕ್ಕಕ್ಕೆ ತರಬೇಕು. ಕೆಲಸಕ್ಕೆ ಮುನ್ನ ಹಾಗೂ ನಂತರ ತೆಗೆದ ದಿನಾಂಕಸಹಿತ ಛಾಯಾಚಿತ್ರಗಳು, ಎಂಜಿನಿಯರರ ಒಂದು ಪುಟದ ವರದಿ ಬಿಲ್ಲುಗಳ ಜೊತೆಗಿದ್ದರೆ ಯಾವ ಕಂಬ ಏಕೆ ಬದಲಾಯಿತೆಂಬುದನ್ನು ಅಧಿಕಾರಿಗೆ ತೋರಿಸಲು ಅಷ್ಟೇ ಸಾಕಾದೀತು.